ಮುಂದಿನ ತಿಂಗಳ ಪಟ್ಟಿ ಅಚ್ಚಿಗೆ ಹೋಗುವ ಮುಂಚೆ

ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ‘ಮುಂಬರುವ ಕಾರ್ಯಕ್ರಮಗಳು’ ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ಸಿದ್ಧಪಡಿಸುವುದು, ಆಮೇಲೆ ಅದರಲ್ಲಿರುವುದನ್ನು ನಡೆಸಿಕೊಡುವುದು ನನ್ನ ಪಾಲಿನ ಕೆಲಸ. ಒಂದು ಸಾಲು ಪಟ್ಟಿಗೆ ಬರಬೇಕಾದರೆ ನಾನು ಕೇಳುವುದು ನಾಲ್ಕೇ ಪ್ರಶ್ನೆ. ಸಭಾಂಗಣ ಕೊಟ್ಟಿರುವ ಪತ್ರ ಕೈಗೆ ಬಂತೇ? ಅತಿಥಿ ಬರಹದಲ್ಲಿ ಒಪ್ಪಿದ್ದಾರೆಯೇ? ದುಡ್ಡಿನ ಕಡತಕ್ಕೆ ಸಹಿ ಬಿತ್ತೇ? ಅವತ್ತು ಬಾಗಿಲು ತೆಗೆಯುವವರು ಯಾರು? ನಾಲ್ಕರಲ್ಲಿ ಯಾವುದಕ್ಕಾದರೂ ‘ಆಗುತ್ತೆ ಬಿಡಿ ಸಾರ್’ ಎಂಬ ಉತ್ತರ ಬಂದರೆ ಆ ಸಾಲು ಮುಂದಿನ ತಿಂಗಳಿಗೆ ಹೋಗುತ್ತದೆ. ‘ದಿನಾಂಕ ನಂತರ ತಿಳಿಸಲಾಗುವುದು’ ಎಂದು ಹಾಕುವ ಪದ್ಧತಿ ನನಗೆ ಒಗ್ಗದು. ಹಾಗೆ ಹಾಕಿದ್ದನ್ನು ನೋಡಿದವರು ದಿನಾಂಕ ತಿಳಿದ ಮೇಲೂ ಬರುವುದಿಲ್ಲ.

ಉಪನ್ಯಾಸಗಳಿಗೆ ಗೊತ್ತಾದ ವಾರವೊಂದಿರಬೇಕು. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರದ ಉಪನ್ಯಾಸವನ್ನು ದಶಕಗಟ್ಟಲೆ ನಡೆಸಿಕೊಂಡು ಬಂತು. ಬುಧವಾರ ಸಂಜೆ ಏನೋ ಇರುತ್ತದೆ ಎಂದು ಗೊತ್ತಿದ್ದವರು ಪೋಸ್ಟರ್ ನೋಡದೆಯೂ ಬರುತ್ತಾರೆ. ನಾವೂ ಉಪನ್ಯಾಸಗಳನ್ನೆಲ್ಲ ತಿಂಗಳ ಮೊದಲ ಮತ್ತು ಮೂರನೇ ಗುರುವಾರಕ್ಕೆ ಕಟ್ಟಿಹಾಕಿದ್ದೇವೆ. ವಿಷಯ ಸಾಧಾರಣವಾಗಿದ್ದಾಗಲೂ ಮುಂದಿನ ಮೂರು ಸಾಲು ಖಾಲಿ ಉಳಿಯುವುದಿಲ್ಲ.

ನಾಟಕ, ಸಂಗೀತ, ಯಕ್ಷಗಾನಕ್ಕೆ ದಿನ ಹುಡುಕುವುದು ಇಷ್ಟು ಸಲೀಸಲ್ಲ. ಮೊದಲು ಇಂಟರ್ನಲ್ಸ್ ಮತ್ತು ಸೆಮಿಸ್ಟರ್ ಪರೀಕ್ಷೆಯ ವಾರಗಳನ್ನು ಕ್ಯಾಲೆಂಡರಿನಿಂದ ಹೊಡೆದುಹಾಕಿ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗಳಿಗೆ ರಜೆ. ಅವತ್ತು ಜನ ಬಂದಾರು, ಎಲೆಕ್ಟ್ರಿಷಿಯನ್ ಬರುವುದಿಲ್ಲ. ನವೆಂಬರ್ ಪೂರ್ತಿ ಊರಿನ ಮೂಲೆಮೂಲೆಯಲ್ಲೂ ರಾಜ್ಯೋತ್ಸವ. ಡೊಳ್ಳು, ವೀರಗಾಸೆ, ಸುಗಮ ಸಂಗೀತ, ಮೈಕ್‌ಸೆಟ್ಟು ಯಾವುದು ಬೇಕಾದರೂ ಆಗಸ್ಟ್‌ನಲ್ಲೇ ಮಾತಾಡಿರಬೇಕು. ಬಯಲು ರಂಗಮಂದಿರವಿದ್ದರೆ ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ನಂಬಬಹುದು. ಸೆಪ್ಟೆಂಬರ್, ಅಕ್ಟೋಬರ್ ಇಲ್ಲಿ ಹೆಚ್ಚು ಮಳೆಯ ತಿಂಗಳುಗಳು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನವೆಲ್ಲ ಸುಡುಬಿಸಿಲು ಕಾದು ಐದು ಗಂಟೆಗೆ ಸರಿಯಾಗಿ ಗುಡುಗುತ್ತದೆ. ಬಯಲಿನ ಕಾರ್ಯಕ್ರಮಕ್ಕೆ ಒಳಗೊಂದು ಸಭಾಂಗಣವನ್ನೂ ಹಿಡಿದಿಟ್ಟುಕೊಂಡು, ಎಲ್ಲಿ ಎಂಬುದನ್ನು ಮಧ್ಯಾಹ್ನ ಒಂದು ಗಂಟೆಗೆ ತೀರ್ಮಾನಿಸುತ್ತೇನೆ. ಮೂರು ಗಂಟೆಗೆ ಬದಲಿಸಹೋದರೆ ಲೈಟು ಬಿಚ್ಚಿ ಮತ್ತೆ ಕಟ್ಟಲು ಸಮಯ ಸಾಲುವುದಿಲ್ಲ.

ಬಯಲಿಗೆ ಇನ್ನೊಂದು ತೊಡಕು ಶಬ್ದದ್ದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಶಿಕ್ಷಣ ಸಂಸ್ಥೆಯ ಸುತ್ತಲಿನ 100 ಮೀಟರನ್ನೂ ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು ಎಂಬುದು ಬಹಳ ಸಂಘಟಕರಿಗೆ ಗೊತ್ತಿರುವುದಿಲ್ಲ. ಹಾಗೆ ಘೋಷಿಸಿದ ಕಡೆ ಹಗಲಿನ ಮಿತಿ 50 ಡೆಸಿಬಲ್, ಅಂದರೆ ಮೆಲುಮಾತಿನಷ್ಟು. ‘ನಮ್ಮದೇ ಕ್ಯಾಂಪಸ್ಸು, ಯಾರು ಕೇಳುತ್ತಾರೆ’ ಎನ್ನುವವರಿಗೆ ಹಾಸ್ಟೆಲ್‌ನಿಂದಲೋ ಪಕ್ಕದ ಬಡಾವಣೆಯಿಂದಲೋ ಒಂದು ಫೋನು ಹೋದಾಗ ಗೊತ್ತಾಗುತ್ತದೆ. ಪೊಲೀಸರ ಅನುಮತಿಯ ಪತ್ರ ಸೌಂಡ್ ಮಿಕ್ಸರ್ ಪಕ್ಕದಲ್ಲೇ ಇರಲಿ, ಸ್ಪೀಕರಿನ ಮುಖ ಕಟ್ಟಡದ ಕಡೆಗಿರಲಿ, ಅಬ್ಬರದ ವಾದ್ಯಗೋಷ್ಠಿಯನ್ನು ಒಳಾಂಗಣದಲ್ಲೇ ಇಡಿ.

ಕರೆಂಟಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿ. ನಾಟಕಕ್ಕೆ ಸಾವಿರ ವ್ಯಾಟಿನ ಹಳೆಯ ಹ್ಯಾಲೊಜೆನ್ ಪಾರ್ ಲೈಟು ಹನ್ನೆರಡು ಎಂದರೆ 12 ಕಿಲೊವ್ಯಾಟ್; 230 ವೋಲ್ಟಿಗೆ ಹತ್ತಿರಹತ್ತಿರ 52 ಆಂಪಿಯರ್. ಸಭಾಂಗಣದ ಗೋಡೆಯ 16 ಆಂಪಿಯರ್ ಸಾಕೆಟ್ ಮೂರು ಲೈಟು ತಡೆದೀತು, ನಾಲ್ಕನೆಯದಕ್ಕೆ ಮಿತಿ ದಾಟುತ್ತದೆ. ಹಾಗಾಗಿ ತ್ರೀ ಫೇಸ್ ಪ್ಯಾನೆಲ್‌ನಿಂದಲೇ ಎಳೆದು, ಫೇಸಿಗೆ ನಾಲ್ಕರಂತೆ ಹಂಚಬೇಕು. ಇಲ್ಲಿ ಅಪಾಯವಿರುವುದು ಮೂರೂ ಫೇಸಿಗೂ ಕರೆಂಟು ಮರಳುವ ತಂತಿಯಾದ ನ್ಯೂಟ್ರಲ್‌ನಲ್ಲಿ. ಅದರ ಸ್ಕ್ರೂ ಸಡಿಲವಾಗಿ ಬಿಟ್ಟುಕೊಂಡರೆ, ಕಡಿಮೆ ಹೊರೆ ಇರುವ ಫೇಸಿನ ವೋಲ್ಟೇಜು 230 ದಾಟಿ 400ರ ಕಡೆಗೆ ಏರಿ ಆಂಪ್ಲಿಫೈಯರು, ಪ್ರೊಜೆಕ್ಟರು ಒಟ್ಟಿಗೆ ಸುಟ್ಟುಹೋಗುತ್ತವೆ. ಪ್ಲಗ್ಗು ಹಾಕುವ ಮುಂಚೆ ಮಲ್ಟಿಮೀಟರಿನಲ್ಲಿ ಮೂರೂ ಫೇಸನ್ನು ನ್ಯೂಟ್ರಲ್‌ಗೆ ಹಿಡಿದು ನೋಡುವುದು ಎರಡು ನಿಮಿಷದ ಕೆಲಸ. ಎಲ್‌ಇಡಿ ಪಾರ್ ಆದರೆ ಒಂದಕ್ಕೆ ಸಾಮಾನ್ಯವಾಗಿ ಇನ್ನೂರು ವ್ಯಾಟೂ ಇರುವುದಿಲ್ಲ, ಈ ತಲೆನೋವೇ ಕಡಿಮೆ. ಆದರೆ ಮುಖದ ಮೇಲೆ ಬೀಳುವ ಹಳದಿ ಬೆಳಕಿಗೆ ನಾಟಕದವರು ಈಗಲೂ ಹ್ಯಾಲೊಜೆನ್ ಕೇಳುತ್ತಾರೆ, ಕೇಳುವುದು ಸರಿಯೂ ಹೌದು. ಜನರೇಟರ್ ತರಿಸುವುದಾದರೆ, 25 ಕೆವಿಎ ಎಂದರೆ ಕೈಗೆ ಸಿಗುವುದು 20 ಕಿಲೊವ್ಯಾಟ್. ಲೈಟು, ಸೌಂಡು, ಫ್ಯಾನು ಸೇರಿ ಅಷ್ಟಾಗುತ್ತಿದ್ದರೆ ಅದಕ್ಕಿಂತ ದೊಡ್ಡದನ್ನೇ ಹೇಳಿ.

ಸ್ಪೀಕರಿನಲ್ಲಿ ‘ಗುಂಯ್’ ಅನ್ನುವ ಸದ್ದು ನಿಲ್ಲದಿದ್ದರೆ ಎರಡು ಕಡೆ ನೋಡಿ. ಮಿಕ್ಸರಿಗೂ ಆಂಪ್ಲಿಫೈಯರಿಗೂ ಕರೆಂಟು ಒಂದೇ ಪಾಯಿಂಟಿನಿಂದ, ಒಂದೇ ಅರ್ತಿನಿಂದ ಬರಬೇಕು. ಲೈಟಿನ ಬೆಳಕು ಏರಿಳಿಸುವ ಡಿಮ್ಮರು ಬೇರೆ ಫೇಸಿನಲ್ಲಿರಬೇಕು. ಅದು ಸರಿಯಿದ್ದೂ ಗುಂಯ್ ಅಂದರೆ ಉಪನ್ಯಾಸಕರ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಮೈಕು ‘ಕೀಂ’ ಎಂದು ಕೂಗುವುದು ಬೇರೆ ವಿಚಾರ. ಸ್ಪೀಕರು ಮೈಕಿನ ಹಿಂದಿದ್ದರೆ ಅದರ ಸದ್ದನ್ನೇ ಮೈಕು ಮತ್ತೆ ನುಂಗುತ್ತದೆ. ಸ್ಪೀಕರನ್ನು ವೇದಿಕೆಯ ಅಂಚಿಗಿಂತ ನಾಲ್ಕಡಿ ಮುಂದಕ್ಕೆ ತಂದರೆ ಅರ್ಧ ಸಮಸ್ಯೆ ಮುಗಿಯಿತು. ಉಳಿದರ್ಧಕ್ಕೆ, ಮಾತಾಡುವವರನ್ನು ಮೈಕಿನಿಂದ ನಾಲ್ಕು ಬೆರಳು ದೂರದಲ್ಲಿ ನಿಲ್ಲಿಸಬೇಕು. ದೊಡ್ಡವರು ಒಂದೂವರೆ ಅಡಿ ದೂರ ನಿಂತು ‘ಕೇಳಿಸುತ್ತಿದೆಯಾ?’ ಅನ್ನುತ್ತಾರೆ, ಸೌಂಡಿನ ಹುಡುಗ ವಾಲ್ಯೂಮ್ ಏರಿಸುತ್ತಾನೆ, ಮೈಕು ಕೂಗುತ್ತದೆ. ಕಾರ್ಡ್‌ಲೆಸ್ ಮೈಕಿಗೆ ಪ್ರತಿ ಕಾರ್ಯಕ್ರಮಕ್ಕೂ ಹೊಸ ಸೆಲ್ಲು ಹಾಕಿ, ಹಳೆಯದನ್ನು ಗೋಡೆ ಗಡಿಯಾರಕ್ಕೆ ಬಳಸಿಕೊಳ್ಳಿ. ವೈರಿನ ಮೈಕೊಂದು ಪೋಡಿಯಂ ಮೇಲೆ ಸದಾ ಆನ್ ಇರಲಿ.

ಯಕ್ಷಗಾನ ತರಿಸುವವರು ಚೆಂಡೆಗೆ ಮೈಕು ಕೊಡಬೇಡಿ. ಭಾಗವತರಿಗೊಂದು, ಮದ್ದಳೆಗೊಂದು, ಮಾತಿಗೆ ಮುಂದೆ ಎರಡು ಸಾಕು. ಇನ್ನೂರು ಕುರ್ಚಿಯ ಹಾಲ್‌ನಲ್ಲಿ ಚೆಂಡೆಗೂ ಮೈಕಿಟ್ಟರೆ ಭಾಗವತರ ಹಾಡು ಒಂದಕ್ಷರವೂ ಕೇಳುವುದಿಲ್ಲ. ರಂಗಸ್ಥಳಕ್ಕೆ ಇಪ್ಪತ್ತಡಿ ಅಗಲ ಇಪ್ಪತ್ತಡಿ ಉದ್ದ ಬಿಟ್ಟುಕೊಡಿ. ಅಲಂಕಾರಕ್ಕೆಂದು ಹಾಸಿದ ಜಮಖಾನವನ್ನು ಸುತ್ತಿ ತೆಗೆದುಬಿಡಿ. ಧೀಂಗಿಣ, ಅಂದರೆ ಗಿರಗಿರನೆ ಸುತ್ತುವ ಕುಣಿತ ಹಾಕುವಾಗ ಅದು ಜಾರುತ್ತದೆ, ಭರತನಾಟ್ಯದವರಿಗೂ ಅದೇ ಕಾಟ. ಚೌಕಿಗೆ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳಲು ಕೊಡುವ ಕೊಠಡಿಯಲ್ಲಿ ಕನ್ನಡಿ, ಒಳ್ಳೆಯ ಬಲ್ಬು, ನೀರು, ಹತ್ತಿರದಲ್ಲೇ ಶೌಚಾಲಯ ಬೇಕು. ವೇಷ ಕಟ್ಟಲು ಎರಡು ಗಂಟೆ ಹಿಡಿಯುವುದರಿಂದ ಆರಕ್ಕೆ ಆಟವೆಂದರೆ ಮೂರೂವರೆಗೇ ಕೊಠಡಿ ತೆರೆದಿರಬೇಕು. ತಮಟೆಯವರಿಗೆ ಬೇಕಾದದ್ದು ಬೇರೆ. ತಂಪು ಹವೆಗೆ ಚರ್ಮ ಸಡಿಲಾಗುತ್ತದೆ, ಕಾಯಿಸಿಕೊಳ್ಳಲು ಬೆಂಕಿ ಹಾಕುತ್ತಾರೆ. ಶಾಮಿಯಾನದಿಂದ, ಒಣಹುಲ್ಲಿನಿಂದ ದೂರವಾದ ಜಾಗ ತೋರಿಸಿ ಎರಡು ಬಕೆಟ್ ನೀರಿಡಿ. ತೋರಿಸದಿದ್ದರೆ ಅವರೇ ಒಂದು ಜಾಗ ಹುಡುಕಿಕೊಳ್ಳುತ್ತಾರೆ, ಅದು ಸಾಮಾನ್ಯವಾಗಿ ಜನರೇಟರಿನ ಪಕ್ಕ.

ಹಕ್ಕುಗಳ ವಿಚಾರ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿದ್ಯಾಸಂಸ್ಥೆಗಳಿಗೆ ಒಂದು ವಿನಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯಾಗಿ ವಿದ್ಯಾರ್ಥಿಗಳೋ ಸಿಬ್ಬಂದಿಯೋ ನಾಟಕ, ಹಾಡು ಪ್ರದರ್ಶಿಸಿ, ನೋಡುವವರೂ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಸಂಸ್ಥೆಗೆ ನೇರವಾಗಿ ಸಂಬಂಧಪಟ್ಟವರಷ್ಟೇ ಆಗಿದ್ದರೆ ಅದು ಉಲ್ಲಂಘನೆಯಲ್ಲ. ಪಟ್ಟಿಯಲ್ಲಿ ‘ಸಾರ್ವಜನಿಕರಿಗೆ ಮುಕ್ತ ಪ್ರವೇಶ’ ಎಂದು ಬರೆದ ಕೂಡಲೇ ಈ ವಿನಾಯಿತಿ ಕೈಬಿಡುತ್ತದೆ. ಆಗ ನಾಟಕಕಾರರಿಂದಲೋ, ಅವರು ತೀರಿಕೊಂಡು 60 ವರ್ಷ ಆಗಿಲ್ಲದಿದ್ದರೆ ಹಕ್ಕುದಾರರಿಂದಲೋ ಪತ್ರ ತರಬೇಕು. ಅನುವಾದಿತ ನಾಟಕಕ್ಕೆ ಅನುವಾದಕರನ್ನೂ ಕೇಳಬೇಕು, ಮರೆಯುವುದು ಹೆಚ್ಚಾಗಿ ಇದನ್ನೇ.

ಉಪನ್ಯಾಸಕ್ಕೆ ಬರುವವರ ಸ್ಲೈಡುಗಳು ಹಿಂದಿನ ದಿನವೇ ಕೈಗೆ ಸಿಗಲಿ, ಪಿಡಿಎಫ್ ರೂಪದಲ್ಲೂ ಇರಲಿ. ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಮಾಡಿದ ಕನ್ನಡ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಪೋಸ್ಟರಿನಲ್ಲಿ ಇದರ ಉಲ್ಟಾ ತಾಪತ್ರಯ: ನಾವು ಯೂನಿಕೋಡ್‌ನಲ್ಲಿ ಕಳಿಸಿದ್ದನ್ನು ಡಿಟಿಪಿಯವರು ಹಳೆಯ ಫಾಂಟಿಗೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವೊತ್ತು ಜಾಗ ತಪ್ಪುತ್ತವೆ. ಹೆಸರುಗಳನ್ನು ಬೆರಳಿಟ್ಟು ಓದಿ, ದಿನಾಂಕದ ಜೊತೆ ವಾರವನ್ನೂ ಕ್ಯಾಲೆಂಡರಿಗೆ ಹಿಡಿದು ನೋಡಿ. ಗೇಟಿನಿಂದ ಸಭಾಂಗಣಕ್ಕೆ ಎಷ್ಟು ದೂರ ಎಂಬುದೂ ಪೋಸ್ಟರಿನಲ್ಲಿರಲಿ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಂಥ ಸಾವಿರ ಎಕರೆ ದಾಟಿದ ಆವರಣದಲ್ಲಿ ಮೆಟ್ರೊ ಇಳಿದವರು ಮರಗಳ ನಡುವೆ ಅರ್ಧ ಗಂಟೆ ಸುತ್ತುತ್ತಾರೆ. ಬ್ಯಾನರಿಗೆ ಬಟ್ಟೆಯೇ ಇರಲಿ, ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ.

ಉದ್ಘಾಟನೆಯೇ ಕಾರ್ಯಕ್ರಮವನ್ನು ತಿಂದುಹಾಕುವುದು ನಮ್ಮಲ್ಲಿ ಮಾಮೂಲು. ನನ್ನ ಲೆಕ್ಕದಲ್ಲಿ ವೇದಿಕೆಯ ಮೇಲೆ ಒಂದು ಕುರ್ಚಿ ಹೆಚ್ಚಿದರೆ ಹತ್ತು ನಿಮಿಷ: ಸ್ವಾಗತದಲ್ಲಿ ಒಂದು, ಪುಸ್ತಕ ಕೊಟ್ಟು ಫೋಟೊ ತೆಗೆಯಲು ಒಂದು, ಮಾತಿಗೆ ಏಳು, ವಂದನಾರ್ಪಣೆಯಲ್ಲಿ ಮತ್ತೊಂದು. ಆದ್ದರಿಂದ ನಾಲ್ಕೇ ಕುರ್ಚಿ. ಐದನೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ನಿರೂಪಕರ ಕೈಯಲ್ಲಿ ಗೌರವದಿಂದ ಹೆಸರು ಹೇಳಿಸಿ. ನಾಡಗೀತೆಗೆ ಸರ್ಕಾರವೇ ಎರಡೂವರೆ ನಿಮಿಷ ನಿಗದಿ ಮಾಡಿದೆ, ಹಾಡುವವರಿಗೆ ಮೊದಲೇ ಹೇಳಿಡಿ. ಪ್ರಾಸ್ತಾವಿಕಕ್ಕೆ ಐದು ನಿಮಿಷ ಎಂದರೆ ಬರೆದು ತರಲು ಹೇಳಬೇಕು; ಬಾಯಿಗೆ ಬಂದಂತೆ ಆಡಿದ ಪ್ರಾಸ್ತಾವಿಕ ಹದಿನೈದಕ್ಕೆ ಕಡಿಮೆ ಮುಗಿದದ್ದನ್ನು ನಾನು ಕಂಡಿಲ್ಲ.

ಇನ್ನು ದೀಪ. ಐದು ಜನ ಗಣ್ಯರು ಮೇಣದಬತ್ತಿ ಹಿಡಿದು ನಿಂತಿರುತ್ತಾರೆ, ಬತ್ತಿ ಹತ್ತುವುದಿಲ್ಲ, ಫೋಟೊಗ್ರಾಫರ್ ಕಾಯುತ್ತಾನೆ. ಬತ್ತಿಯನ್ನು ಒಂದು ಗಂಟೆ ಮುಂಚೆಯೇ ಎಣ್ಣೆಯಲ್ಲಿ ಪೂರ್ತಿ ಅದ್ದಿ, ತುದಿಯನ್ನು ಸ್ವಲ್ಪ ಬಿಡಿಸಿ, ಮೇಲೊಂದು ಚೂರು ಕರ್ಪೂರ ಒತ್ತಿಡಿ. ಎಣ್ಣೆ ಎಳ್ಳೆಣ್ಣೆಯೇ ಆಗಲಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿಗೆ ಹೆಪ್ಪುಗಟ್ಟುತ್ತದೆ, ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಬತ್ತಿಗೆ ಏರುವುದೇ ಇಲ್ಲ. ವೇದಿಕೆಯ ಫ್ಯಾನು ಆರಿಸುವುದು ಒಬ್ಬರ ಹೊಣೆ ಎಂದು ಹೆಸರು ಹಿಡಿದು ಗೊತ್ತು ಮಾಡಿ, ಎಲ್ಲರ ಹೊಣೆ ಅಂದರೆ ಯಾರೂ ಆರಿಸುವುದಿಲ್ಲ.

ಕುರ್ಚಿಗಳನ್ನು ಬರಬಹುದಾದ ಜನಕ್ಕಿಂತ ಕಡಿಮೆ ಹಾಕಿಸುತ್ತೇನೆ. ಓಡಾಡುವ ದಾರಿಯೂ ಸೇರಿ ತಲೆಗೆ ಎಂಟು ಚದರಡಿ ಹಿಡಿದರೆ 300 ಕುರ್ಚಿಗೆ 2,400 ಚದರಡಿ. ಇನ್ನೂರು ಹಾಕಿ, ನೂರನ್ನು ಪಕ್ಕದಲ್ಲಿ ಪೇರಿಸಿಡಿ. ಜನ ಬಂದಂತೆ ಹಿಂದೆ ಸಾಲು ಸೇರಿಸುತ್ತ ಹೋದರೆ ಮುಂದಿನ ಸಾಲುಗಳು ತುಂಬುತ್ತವೆ, ಮಾತಾಡುವವರಿಗೂ ಹುರುಪು.

ಬಿಲ್ಲಿನ ಕೆಲಸ ಅದೇ ರಾತ್ರಿ ಮುಗಿಯಬೇಕು. ಹೂವಿನವರು, ಆಟೊದವರು, ಟೀಯವರು ಅಚ್ಚಾದ ಬಿಲ್ಲು ಕೊಡುವುದಿಲ್ಲ. ಖಾಲಿ ವೋಚರ್ ಪುಸ್ತಕ, ಸ್ಟಾಂಪ್ ಪ್ಯಾಡು ಚೀಲದಲ್ಲಿರಲಿ. ನಗದು 5,000 ರೂಪಾಯಿ ದಾಟಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಬೇಕು. ಕಲಾತಂಡದ ಯಜಮಾನರು ರಾತ್ರಿ ಬಸ್ಸು ಹತ್ತುವ ಮುಂಚೆ ಸಹಿ, ಪ್ಯಾನ್ ಮತ್ತು ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ ತೆಗೆದುಕೊಳ್ಳಿ. ಕಲಾವಿದರಿಗೆ ಪೋಸ್ಟರಿನಲ್ಲಿರುವ ಹೆಸರೇ ಬೇರೆ, ಪಾಸ್‌ಬುಕ್ಕಿನಲ್ಲಿರುವ ಹೆಸರೇ ಬೇರೆ. ಮಂಜೂರಾತಿ ಕಡತದಲ್ಲಿ ಪಾಸ್‌ಬುಕ್ಕಿನ ಹೆಸರನ್ನೇ ಬರೆಯದಿದ್ದರೆ ಹಣಕಾಸು ವಿಭಾಗದಿಂದ ಕಡತ ವಾಪಸ್ ಬರುತ್ತದೆ, ಅವರು ಊರಿನಿಂದ ಮೂರು ತಿಂಗಳು ಫೋನ್ ಮಾಡುತ್ತಾರೆ, ಮುಂದಿನ ವರ್ಷ ಕರೆದರೆ ಬರುವುದಿಲ್ಲ.