ಎಣ್ಣೆ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ

ನಮ್ಮ ಮನೆಯಲ್ಲಿರುವುದು ಹಳೆಯ ಮಾರುತಿ ಝೆನ್. 993 ಸಿಸಿ, ನಾಲ್ಕು ಸಿಲಿಂಡರ್. ಇವತ್ತಿಗೂ ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿದು, ಸಂಜೆ ಹತ್ತಿಕೊಂಡು ಬರುತ್ತದೆ. ಆದರೆ ಮಳೆಗಾಲ ಮುಗಿಯುತ್ತಿದ್ದಂತೆ ಅಂಗಳದಲ್ಲಿ ಕಪ್ಪು ಕಲೆ ಕಾಣತೊಡಗಿತು. ಮಳೆಯಲ್ಲೂ ಸೋರುತ್ತಲೇ ಇತ್ತೇನೋ, ನೀರಲ್ಲಿ ತೊಳೆದುಹೋಗಿ ಗೊತ್ತಾಗಿರಲಿಲ್ಲ.

ಬೇರೆಯವರಾದರೆ ಅಡಿಗೆ ಒಂದು ರಟ್ಟು ಹಾಸಿ ಸುಮ್ನಿರಬಹುದು. ನಮ್ಮಲ್ಲಿ ಅದೇ ಅಂಗಳದಲ್ಲಿ ಚಾಲಿ ಒಣಗಬೇಕು. ಅಡಿಕೆಗೆ ಎಂಜಿನ್ ಆಯಿಲ್ ವಾಸನೆ ಹತ್ತಿದರೆ ಯಾರು ಕೊಳ್ಳುತ್ತಾರೆ? ಆಯಿ ಕಾರನ್ನು ಕೊಟ್ಟಿಗೆ ಪಕ್ಕಕ್ಕೆ ಅಟ್ಟಿದಳು.

ಗ್ಯಾರೇಜಿಗೆ ಒಯ್ದೆ. ಎಂಜಿನ್ನು ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ, ಕೆಳಗಡೆ, ಹನಿ ನಿಂತಿತ್ತು. "ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ ಸರ್. ಗೇರ್‌ಬಾಕ್ಸ್ ಇಳಿಸ್ಬೇಕು. ಇಳಿಸಿದ ಮೇಲೆ ಕ್ಲಚ್ ಪ್ಲೇಟೂ ಹಾಕಿಬಿಡೋಣ" ಅಂದರು. ಎಂಜಿನ್ನಿನ ಶಾಫ್ಟ್ ಹಿಂಬದಿಯಿಂದ ಹೊರಬರುವಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲ್ ಅದು. ಅದಕ್ಕೆ ದೊಡ್ಡ ದುಡ್ಡೇನಿಲ್ಲ. ಕೂಲಿಯೇ ಜಾಸ್ತಿ. ಅವರು ಸುಳ್ಳು ಹೇಳಿದರು ಅಂತಲ್ಲ. ಅಲ್ಲಿ ಹನಿ ಕಂಡರೆ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಆದರೆ ನನಗೊಂದು ಅನುಮಾನ ಇತ್ತು. ಆ ಸೀಲ್ ಜೋರಾಗಿ ಸೋರಿದರೆ ಎಣ್ಣೆ ಕ್ಲಚ್ ಪ್ಲೇಟಿಗೂ ತಾಗಿ, ಏರಿನಲ್ಲಿ ಕ್ಲಚ್ ಜಾರಬೇಕು. ನನ್ನ ಕಾರು ದೇವಿಮನೆ ತಿರುವುಗಳಲ್ಲೂ ಹಾಗೆ ಮಾಡಿರಲಿಲ್ಲ.

ಮನೆಗೆ ತಂದು ಮೊದಲು ಹನಿಯನ್ನು ಬೆರಳಲ್ಲಿ ತೆಗೆದು ಮೂಸಿದೆ. ಗೇರ್ ಆಯಿಲ್ ಆದರೆ ಗಂಧಕದಂಥ ಘಾಟು ಇರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಇದರಲ್ಲಿ ಆ ಘಾಟು ಇರಲಿಲ್ಲ, ಬಣ್ಣವೂ ಎಂಜಿನ್ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನಲ್ಲಿ ಕಾಣುವ ಕಪ್ಪೇ. ಹಾಗಾದರೆ ಎಂಜಿನ್ನಿನದ್ದೇ.

ಆಮೇಲೆ ತೊಳೆಯುವ ಕೆಲಸ. ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ನಮ್ಮ ಕಡೆಯ ಕೆಂಪು ಧೂಳು ಎಣ್ಣೆಗೆ ಅಂಟಿ ಎಂಜಿನ್ ತುಂಬಾ ಬೆರಳು ದಪ್ಪದ ಕೆಸರಾಗಿತ್ತು. ಅದರ ಮೇಲೆ ಎಷ್ಟು ಟಾರ್ಚ್ ಬಿಟ್ಟರೂ ಎಲ್ಲ ಕಡೆ ಒದ್ದೆ, ಎಲ್ಲ ಕಡೆ ಸೋರಿಕೆ. ಎಂಜಿನ್ ಪೂರ್ತಿ ತಣಿದ ಮೇಲೆ ಬ್ಯಾಟರಿ ವೈರ್ ಬಿಚ್ಚಿ, ಆಲ್ಟರ್ನೇಟರಿಗೂ, ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿಗೂ ಪ್ಲಾಸ್ಟಿಕ್ ಕಟ್ಟಿ, ಡೀಸೆಲ್ ಮತ್ತು ಹಳೆ ಪೇಂಟ್ ಬ್ರಷ್ಷಿನಿಂದ ಉಜ್ಜಿದೆ. ಕೊನೆಗೆ ಸೋಪಿನ ನೀರು, ಒಣ ಬಟ್ಟೆ. ಕೆಳಗೆ ಟ್ರೇ ಇಟ್ಟಿದ್ದೆ. ಆ ಡೀಸೆಲ್ ತೋಟದ ಕಾದಿಗೆಗೆ (ನೀರು ಹರಿಯುವ ಕಾಲುವೆಗೆ) ಹೋಗುವುದು ಬೇಡ ಅಲ್ವಾ.

ಒಣಗಿದ ಮೇಲೆ ಅನುಮಾನವಿದ್ದ ಜೋಡಣೆಗಳ ಸುತ್ತ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದೆ. ಎಣ್ಣೆ ಎಲ್ಲಿಂದ ಹೊರಡುತ್ತದೋ ಅಲ್ಲಿ ಬಿಳಿ ಮೊದಲು ಕಪ್ಪಾಗುತ್ತದೆ. ಎಂಜಿನ್ ಬಿಸಿಯಾಗುವಷ್ಟು ಓಡಿಸಿ ಬಂದು ನೋಡಿದೆ. ನೋಡುವುದು ಮೇಲಿನಿಂದ ಕೆಳಕ್ಕೆ. ಹಂಚಿನ ಮನೆಯಲ್ಲಿ ಒಡೆದ ಹಂಚೊಂದು ಕಡೆ, ನೀರು ತೊಟ್ಟಿಕ್ಕುವುದು ಪಕಾಸಿ ಹಿಡಿದು ಹೋಗಿ ಇನ್ನೊಂದು ಕಡೆ. ಎಂಜಿನ್ನಿನಲ್ಲೂ ಅದೇ ಕತೆ. ಮೇಲಿಂದ ಇಳಿಯುವ ಎಣ್ಣೆಯನ್ನು ಓಡುವಾಗಿನ ಗಾಳಿ ಹಿಂದಕ್ಕೂ ತಳ್ಳುತ್ತದೆ.

ವಾಲ್ವ್ ಕವರ್ ಅಂಚಿನಲ್ಲಿ ಸಣ್ಣ ಪಸೆ, ಅಷ್ಟೇ. ಆಯಿಲ್ ಪ್ರೆಶರ್ ಸ್ವಿಚ್ ಒಣಗಿತ್ತು. ಸಂಪ್, ಅಂದರೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿ, ಅದರ ಸುತ್ತ ಏನಿಲ್ಲ. ಡಿಸ್ಟ್ರಿಬ್ಯೂಟರ್ ಮಾತ್ರ ಸಿಕ್ಕಿಬಿತ್ತು. ಈ ಎಂಜಿನ್ನಿನಲ್ಲಿ ಅದು ಹೆಡ್‌ನ (ಎಂಜಿನ್ನಿನ ಮೇಲ್ಭಾಗದ) ಗೇರ್‌ಬಾಕ್ಸ್ ಕಡೆಯ ತುದಿಗೆ ಕೂತಿರುತ್ತದೆ, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟೇ ಅದನ್ನು ತಿರುಗಿಸುತ್ತದೆ. ಅದು ಹೆಡ್‌ಗೆ ಸೇರುವಲ್ಲಿ ಕೆಳ ಅರ್ಧದ ಪೌಡರ್ ಕಪ್ಪಾಗಿ, ಅಲ್ಲಿಂದ ಒಂದು ಗೆರೆ ನೇರ ಕ್ಲಚ್ ಮುಚ್ಚಿರುವ ಬೆಲ್ ಹೌಸಿಂಗ್ ಮೇಲೆ ಇಳಿದಿತ್ತು. ಗ್ಯಾರೇಜಿನವರು ಕಂಡ ಹನಿ ಆ ಗೆರೆಯ ಕೊನೆ.

ಬಿಚ್ಚುವ ಮುಂಚೆ ಡಿಸ್ಟ್ರಿಬ್ಯೂಟರಿನ ಬುಡಕ್ಕೂ ಹೆಡ್‌ಗೂ ಅಡ್ಡವಾಗಿ ವೈಟ್ನರ್‌ನಿಂದ ಗೆರೆ ಎಳೆದೆ. ಕ್ಯಾಪ್ ತೆಗೆದು ರೋಟರ್ ಎತ್ತ ಮುಖ ಮಾಡಿದೆ ಎಂದು ಫೋಟೊ ತೆಗೆದೆ. ಬೋಲ್ಟ್ ಕೂರುವ ತೂತು ಉದ್ದಕ್ಕಿರುತ್ತದೆ. ಕೂರಿಸುವಾಗ ಸ್ವಲ್ಪ ತಿರುಗಿದರೂ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಹೋಯಿತು. ಕ್ಯಾಪಿನ ಒಳಗೆ ಎಣ್ಣೆ ಇರಲಿಲ್ಲ. ಇದ್ದಿದ್ದರೆ ಶಾಫ್ಟಿನ ಒಳ ಸೀಲೂ ಹೋಗಿದೆ ಎಂದರ್ಥ, ಆಗ ಹೊರಗಿನ ಓ-ರಿಂಗ್ (ಎಣ್ಣೆ ತಡೆಯುವ ರಬ್ಬರ್ ಬಳೆ) ಮಾತ್ರ ಹಾಕಿದರೆ ಸಾಲುವುದಿಲ್ಲ.

ಓ-ರಿಂಗ್ ಹೊರಗೆ ಬಂತು. ದುಂಡಗಿರಬೇಕಾದದ್ದು ಹೊರಮೈಯಲ್ಲಿ ಚಪ್ಪಟೆಯಾಗಿತ್ತು. ಉಗುರು ಊರಿದರೆ ಗುರುತೇ ಬೀಳಲಿಲ್ಲ. ಬಗ್ಗಿಸಿದೆ, ಟಕ್ ಎಂದು ಎರಡಾಯಿತು. ತುಂಡುಗಳನ್ನೇ ಬಿಡಿಭಾಗದ ಅಂಗಡಿಗೆ ಒಯ್ದು ಅದೇ ಅಳತೆಯದ್ದು ತಂದೆ. ಕೇಳಿ ತರಬೇಕಾದ್ದು ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್. ನಲ್ಲಿಗೆ ಹಾಕುವ ರಿಂಗ್ ಅಳತೆಗೆ ಸರಿಹೊಂದಿದರೂ ಬೇಡ, ಬಿಸಿ ಎಣ್ಣೆಯಲ್ಲಿ ಉಬ್ಬಿ ಹಾಳಾಗುತ್ತದೆ. ಕೂರುವ ಜಾಗ ಒರೆಸಿ, ಹೊಸ ರಿಂಗಿಗೆ ಒಂದು ತೊಟ್ಟು ಎಂಜಿನ್ ಆಯಿಲ್ ಸವರಿ, ಗೆರೆಗೆ ಗೆರೆ ಕೂಡಿಸಿ ಬಿಗಿದೆ. ಆಮೇಲೆ ಟೈಮಿಂಗ್ ಲೈಟ್ ಇರುವವರ ಹತ್ತಿರ ಒಮ್ಮೆ ನೋಡಿಸಿಕೊಂಡೆ.

ಅಷ್ಟಕ್ಕೆ ಬಿಡಲಿಲ್ಲ. ಒಳಗಿನ ಒತ್ತಡ ಜಾಸ್ತಿಯಾದರೆ ಹೊಸ ಸೀಲನ್ನೂ ದಾಟಿ ಎಣ್ಣೆ ಹೊರಬರುತ್ತದೆ. ಆ ಒತ್ತಡ ಇಳಿಸಲಿಕ್ಕೆ ಇರುವುದೇ ಪಿಸಿವಿ ವಾಲ್ವ್. ಬಿಚ್ಚಿ ಅಲುಗಾಡಿಸಿದರೆ ಒಳಗೆ ಕಟಕಟ ಅನ್ನಬೇಕು. ನನ್ನದು ಅನ್ನಲಿಲ್ಲ, ಜಿಡ್ಡು ಕಟ್ಟಿ ಕೂತಿತ್ತು. ತೊಳೆದರೆ ಅಲುಗಾಡೀತು, ಆದರೂ ಹೊಸದನ್ನೇ ಹಾಕಿದೆ.

ವಾಲ್ವ್ ಕವರ್ ಗ್ಯಾಸ್ಕೆಟ್ಟೂ ಬದಲಿಸಿದೆ. ಸಿಲಿಕೋನ್ ಸೀಲೆಂಟ್ ಬಳಿದರೆ ಒಳ್ಳೆಯದು ಅಂತ ಸುಮಾರು ಜನ ಟ್ಯೂಬ್ ಗಟ್ಟಲೆ ಹಚ್ಚುತ್ತಾರೆ. ಒಳಗೆ ಉದುರಿದ ಚೂರು ಸಂಪಿಗೆ ಇಳಿದು ಆಯಿಲ್ ಪಂಪಿನ ಜಾಲರಿ ಮುಚ್ಚಿದರೆ ಎಂಜಿನ್ನೇ ಹೋಗುತ್ತದೆ. ಕವರನ್ನು ಜೋರಾಗಿ ಬಿಗಿಯುವುದೂ ಬೇಡ. ಬಾಗಿದ ಕವರ್ ಮತ್ತೆ ಸೋರುತ್ತದೆ.

ದಪ್ಪನೆಯ 20ಡಬ್ಲ್ಯು-50 ಆಯಿಲ್ ಹಾಕು, ಸೋರಿಕೆ ನಿಲ್ಲಿಸುವ ಬಾಟಲಿ ಸುರಿ ಎಂದವರಿದ್ದಾರೆ. ಚೂರಾಗುವಷ್ಟು ಒಣಗಿದ ರಿಂಗಿಗೆ ಯಾವ ಬಾಟಲಿಯೂ ಜೀವ ಕೊಡುವುದಿಲ್ಲ.

ಕಾರವಾರ, ಕುಮಟಾ ಕಡೆಯವರು ಇನ್ನೊಂದು ಜಾಗ ನೋಡಿ. ಉಪ್ಪುಗಾಳಿಗೆ ತಗಡಿನ ಸಂಪ್ ತುಕ್ಕು ಹಿಡಿದು ಸೂಜಿ ತೂತು ಬೀಳುತ್ತದೆ. ಗ್ಯಾಸ್ಕೆಟ್ ಸೋರುತ್ತಿದೆ ಎಂದುಕೊಂಡು ಬೋಲ್ಟ್ ಬಿಗಿಯುತ್ತಾ ಕೂತರೆ ಉಪಯೋಗವಿಲ್ಲ. ಕೆಳಗೆ ಹೋಗುವಾಗ ಜ್ಯಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ.

ಈಗ ಬೆಲ್ ಹೌಸಿಂಗ್ ಒಣಗಿದೆ. ಟೈಮಿಂಗ್ ಬೆಲ್ಟ್ ಕಡೆ ತುಸು ಪಸೆ ಕಾಣುತ್ತದೆ, ಕ್ಯಾಮ್ ಸೀಲ್ ಇರಬೇಕು. ಹೇಗೂ ಬೆಲ್ಟ್ ಬದಲಿಸುವ ಹೊತ್ತು ಹತ್ತಿರ ಬಂದಿದೆ. ಆಗ ಅದನ್ನೂ ಮುಂಬದಿಯ ಕ್ರ್ಯಾಂಕ್ ಸೀಲನ್ನೂ ಒಟ್ಟಿಗೇ ಹಾಕಿಸುತ್ತೇನೆ. ಅಲ್ಲಿಯವರೆಗೆ ಘಟ್ಟ ಇಳಿಯುವ ಮುಂಚೆ ಡಿಪ್‌ಸ್ಟಿಕ್ ನೋಡಿಯೇ ಹೊರಡುವುದು.