ಕರಾವಳಿಯಲ್ಲಿ ಪೂಲ್ ಇರುವ ಮನೆ ಕೊಳ್ಳುತ್ತೀರಾ? ಮೊದಲು ಜಾಗ ಅಳೆಸಿ

ತುಮಕೂರಿನಲ್ಲಿ ಸೈಟು ಮಾರಿ ಉಡುಪಿ, ಕುಂದಾಪುರದ ಕಡೆ ಮನೆ ಹುಡುಕುವವರು ಈಗ ನಮ್ಮ ಸುತ್ತಲೇ ಇದ್ದಾರೆ. ಸಮುದ್ರದ ಗಾಳಿ, ಹೆಂಚಿನ ಮನೆ, ಅಂಗಳದಲ್ಲಿ ಸ್ವಿಮ್ಮಿಂಗ್ ಪೂಲ್. ಫೋಟೊ ನೋಡಿದ ವಾರದಲ್ಲೇ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಎಸ್.ಎಸ್. ಪುರಂನ ನಮ್ಮ ಭಾವನವರೂ ಹಾಗೇ ಕೊಟ್ಟರು. ಆಮೇಲೆ ಅಳೆಸಿದರೆ, ಪೂಲ್ ಅವರು ಕೊಂಡ ಜಾಗದಲ್ಲೇ ಇರಲಿಲ್ಲ.

ಮೊದಲು ಕಾಗದ. ಪಹಣಿ, ಭೂಪರಿವರ್ತನೆ ಆದೇಶ, ಪಂಚಾಯ್ತಿಯ ಆಸ್ತಿ ದಾಖಲೆಗಳಾದ ಫಾರಂ 9 ಮತ್ತು 11, 30 ವರ್ಷದ ಈಸಿ (ಋಣಭಾರ ಪತ್ರ). ಇದು ನಮ್ಮೂರಿನ ಹಾಗೇ.

ಎರಡನೆಯದು ಅಳತೆ. ಎಡವುವುದು ಇಲ್ಲೇ. ಅಲ್ಲಿ ಬಾಯಿಲೆಕ್ಕ ಸೆಂಟ್ಸಿನಲ್ಲಿ. ಎಕರೆಗೆ 100 ಸೆಂಟ್ಸ್, ನಮ್ಮ ಗುಂಟೆ 40. ಅಂದರೆ 1 ಗುಂಟೆಗೆ ಎರಡೂವರೆ ಸೆಂಟ್ಸ್. '25 ಸೆಂಟ್ಸ್' ಎಂದರೆ ಬರೀ 10 ಗುಂಟೆ.

ಇನ್ನು ಕುಮ್ಕಿ. ಕಾಂಪೌಂಡಿನ ಒಳಗಿರುವುದೆಲ್ಲ ಮಾಲೀಕರದ್ದೇ ಎನ್ನುವುದು ಬಯಲುಸೀಮೆಯ ಲೆಕ್ಕ. ಉಡುಪಿ, ದಕ್ಷಿಣ ಕನ್ನಡದಲ್ಲಿ ಹಳೇ ವರ್ಗ ಜಮೀನಿಗೆ (ಕಂದಾಯ ಕಟ್ಟುವ ಪಟ್ಟಾ ಜಮೀನು) ತಾಗಿ 100 ಗಜದೊಳಗಿನ ಸರ್ಕಾರಿ ಜಾಗವನ್ನು ಕುಮ್ಕಿ ಎನ್ನುತ್ತಾರೆ. ಸೊಪ್ಪು, ಸೌದೆ, ಮೇವಿಗೆ ಬಳಸುವ ಸವಲತ್ತು ವರ್ಗದಾರರಿಗಿದೆ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಆ ಸವಲತ್ತನ್ನು ಉಳಿಸಿದೆ, ಒಡೆತನ ಕೊಟ್ಟಿಲ್ಲ. ಆದರೂ ತಲೆಮಾರಿನಿಂದ ಬೇಲಿ ಹಾಕಿಕೊಂಡವರು ಅದನ್ನೂ ಸೇರಿಸಿ ತೋರಿಸುತ್ತಾರೆ. ಭಾವನವರ ಪೂಲ್ ಕಟ್ಟಿದ್ದು ಅಂಥ ಜಾಗದಲ್ಲೇ.

ಹಾಗಾಗಿ ಮಾರುವವರಿಂದಲೇ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಗಡಿ ಅಳತೆಗೆ, ಅರ್ಜಿ ಹಾಕಿಸಿ. ಸರ್ಕಾರಿ ಸರ್ವೇಯರ್ ಬಂದ ದಿನ ನೀವೂ ಅಲ್ಲಿರಿ. ಮನೆ, ಬಾವಿ, ಪೂಲ್, ಗೇಟಿನ ದಾರಿ ನಾಲ್ಕೂ ಯಾವ ಸರ್ವೆ ನಂಬರಿನಲ್ಲಿವೆ ಎಂದು ಒಂದೊಂದಾಗಿ ಕೇಳಿ, ನಕ್ಷೆಯಲ್ಲಿ ಗುರುತು ಮಾಡಿಸಿ. ಬ್ರೋಕರ್ ಟೇಪ್ ಹಿಡಿದು ಅಳೆದದ್ದನ್ನು ನಂಬಲೇಬೇಡಿ. ಸರ್ಕಾರದ ದಿಶಾಂಕ್ ಆ್ಯಪ್ ಸರ್ವೆ ನಂಬರ್ ತಿಳಿಯಲು ಸಾಕು, ಗಡಿ ತೀರ್ಮಾನಕ್ಕೆ ಸಾಲದು. ಅಳತೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮೂರನೆಯದು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಈ ನಿಯಮ 1991ರಲ್ಲಿ ಬಂತು, 2011 ಮತ್ತು 2019ರಲ್ಲಿ ಬದಲಾಯಿತು. ಹಳ್ಳಿಗಳ ಕಡೆ ಸಾಮಾನ್ಯವಾಗಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಜನ ದಟ್ಟವಾಗಿರುವ ಕಡೆಗೆ 2019ರ ನಿಯಮ ಅದನ್ನು 50 ಮೀಟರಿಗೆ ಇಳಿಸಿದೆ. ನದಿ, ಅಳಿವೆಯ ದಡಕ್ಕೂ ನಿಯಮವಿದೆ. ಹಳೇ ಮನೆ ಸಕ್ರಮವೇ ಇರಬಹುದು. ಆದರೆ ಪೂಲ್ ಈಚಿನದಾದರೆ ಅದರ ಅನುಮತಿ ಬೇರೆಯೇ ಕೇಳಿ. 'ಇಲ್ಲಿ ಎಲ್ಲರೂ ಹೀಗೇ ಕಟ್ಟಿದ್ದಾರೆ' ಎಂಬ ಉತ್ತರ ಬಂದರೆ ಆ ಮನೆ ಬೇಡ.

ಮನೆಯನ್ನು ಎರಡು ಸಲ ನೋಡಿ. ಜುಲೈನಲ್ಲಿ ಒಮ್ಮೆ, ಯಾಕೆಂದರೆ ಉಡುಪಿಯ ಮಳೆ ವರ್ಷಕ್ಕೆ 4000 ಮಿ.ಮೀ. ದಾಟುತ್ತದೆ. ಸೋರುವುದು, ಕಂಬಿ ತುಕ್ಕು ಹಿಡಿದು ಸಿಮೆಂಟ್ ಉದುರುವುದು ಆಗಲೇ ಕಾಣುವುದು. ಏಪ್ರಿಲ್ ಕೊನೆಗೆ ಇನ್ನೊಮ್ಮೆ ಹೋಗಿ ಬಾವಿಯ ನೀರು ಕುಡಿದು ನೋಡಿ. ಡಿಸೆಂಬರಿನಲ್ಲಿ ಸಿಹಿಯಿದ್ದ ನೀರು ಬೇಸಿಗೆಯಲ್ಲಿ ಉಪ್ಪಾಗಬಹುದು. ಆಗ ಪೂಲ್ ತುಂಬಿಸಲು ಟ್ಯಾಂಕರೇ ಗತಿ.

ಪೂಲ್ ಸೋರುತ್ತದಾ ನೋಡಲು ಬಕೆಟ್ ಸಾಕು. ಮಳೆ ಇಲ್ಲದ ದಿನ, ಪೂಲಿನದೇ ನೀರು ತುಂಬಿದ ಬಕೆಟ್ಟನ್ನು ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಡಿ. ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗುರುತು ಹಾಕಿ. 24 ಗಂಟೆ ಬಿಟ್ಟು ನೋಡಿ. ಬಕೆಟ್ಟಿಗಿಂತ ಪೂಲ್ ಜಾಸ್ತಿ ಇಳಿದಿದ್ದರೆ ಸೋರಿಕೆ ಇದೆ. ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ, ಅದನ್ನು ಅಗ್ರಿಮೆಂಟಿನಲ್ಲೇ ಬರೆಸಿ.