ಮಂಡಿ ಲೆಕ್ಕ, ಹಿನ್ನೀರು ಮತ್ತು ನನ್ನ ಕಾದಂಬರಿ

ನಾನು ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಮನೆ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಕೆಲವು ವರ್ಷಗಳಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. "ಕೆಲಸ, ಮನೆ, ತೋಟ ಎಲ್ಲ ಇಟ್ಟುಕೊಂಡು ಯಾವಾಗ ಬರೀತೀರಿ ಮಾರಾಯ್ರೆ?" ಅಂತ ಸುಮಾರು ಜನ ಕೇಳುತ್ತಾರೆ. ತಮಗೂ ಬರೆಯುವ ಆಸೆ ಇದ್ದು, ಇನ್ನೂ ಶುರು ಮಾಡದವರೇ ಅವರಲ್ಲಿ ಜಾಸ್ತಿ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೊತ್ತಿನ ವಿಷಯ. 2025ರ ಜುಲೈವರೆಗೆ ನನಗೆ ಬರೆಯೋಕೆ ಹೊತ್ತು ಕೊಟ್ಟದ್ದು ಹಿನ್ನೀರು ದಾಟಿಸುವ ಲಾಂಚ್. ಬೆಳಿಗ್ಗೆ ಕಳಸವಳ್ಳಿ ದಡದಲ್ಲಿ ಕಾಯಬೇಕು, ಸಂಜೆ ಅಂಬಾರಗೋಡ್ಲು ದಡದಲ್ಲಿ ಕಾಯಬೇಕು. ಬಸ್ಸು, ಜೀಪು, ಬೈಕು ಎಲ್ಲ ಹತ್ತಿ ಮುಗಿಯುವವರೆಗೆ ಕೂತಿರಬೇಕು. ಸಿಗಂದೂರು ದೇವಸ್ಥಾನಕ್ಕೆ ಹೋಗುವವರು ಹೆಚ್ಚಿದ್ದ ದಿನವಂತೂ ಕೇಳುವುದೇ ಬೇಡ. ಬೇಸಿಗೆ ಕೊನೆಗೆ ನೀರು ತೀರಾ ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ, ಬರೀ ಜನ. ಆ ಕಾಯುವ ಹೊತ್ತಿನಲ್ಲಿ ನಾನು ಬರೆದೆ. ಚೀಲದಲ್ಲಿ ಯಾವಾಗಲೂ ಒಂದು ಉದ್ದ ನೋಟ್‌ಬುಕ್, ಎರಡು ಪೆನ್ನು. ಬಲಗಡೆ ಪುಟದಲ್ಲಿ ಮಾತ್ರ ಬರೆಯುತ್ತೇನೆ. ಎಡಗಡೆ ಪುಟ ಖಾಲಿ ಬಿಡುತ್ತೇನೆ, ತಿದ್ದಲಿಕ್ಕೆ, ಆಮೇಲೆ ಹೊಳೆದದ್ದನ್ನು ಸೇರಿಸಲಿಕ್ಕೆ. ಇದು ಮಂಡಿಯ ಖಾತೆ ಪುಸ್ತಕದಿಂದ ಬಂದ ಅಭ್ಯಾಸ.

ಈಗ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಆಗಿದೆ. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಬೆಳಗಾಗುವವರೆಗೆ ಕಾಯಬೇಕಾಗಿಲ್ಲ. ನಮ್ಮ ಕಡೆಯವರಿಗೆ ಅದು ಎಂಥ ದೊಡ್ಡ ಸಮಾಧಾನ ಅಂತ ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಆದರೆ ಬಸ್ಸು ಹತ್ತಿದರೆ ನೀರು ದಾಟಿದ್ದೇ ಗೊತ್ತಾಗುವುದಿಲ್ಲ. ಬರೆಯುವ ಹೊತ್ತನ್ನು ಬೇರೆ ಕಡೆ ಹುಡುಕಬೇಕಾಯಿತು. ಉಳಿದ ಹೊತ್ತು ಮನೆಗೆ ಸೇರಿತಲ್ಲ, ಅದರಲ್ಲಿ ಬೆಳಗಿನ ಪಾಲು ನನಗೆ ಬೇಕು ಅಂತ ಮನೆಯಲ್ಲಿ ಬಾಯಿಬಿಟ್ಟು ಕೇಳಿದೆ. ಹೆಂಡತಿ ಒಪ್ಪಿದಳು. ಹಾಲು ಕರೆದು ಡೇರಿಗೆ ಕೊಟ್ಟು ಬಂದ ಮೇಲೆ ಸ್ನಾನದವರೆಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಬರೆಯುವ ಆಸೆ ಇರುವವರಿಗೆ ನಾನು ಹೇಳುವುದು ಇಷ್ಟೇ: ಹೊತ್ತು ಬೇಕು ಅಂತ ಮನೆಯವರ ಹತ್ತಿರ ಕೇಳಿ. ಕದ್ದು ಬರೆದರೆ ಹತ್ತು ಪುಟ ಆಗಬಹುದು, ಕಾದಂಬರಿ ಆಗುವುದಿಲ್ಲ.

ವರ್ಷವಿಡೀ ಒಂದೇ ಥರ ಬರೆಯೋಕೆ ಆಗಲ್ಲ. ಕೊಯ್ಲು ಮುಗಿದು ಅಡಿಕೆ ಬರೋಕೆ ಶುರುವಾದರೆ ಮಂಡಿಯಲ್ಲಿ ತಲೆ ಎತ್ತುವ ಹಾಗಿಲ್ಲ. ರಾಶಿ, ಚಾಲಿ, ಸಿಪ್ಪೆಗೋಟು, ಕೆಂಪುಗೋಟು ಅಂತ ಚೀಲ ಬೇರೆ ಬೇರೆ, ದರ ಬೇರೆ ಬೇರೆ. ತೂಕ, ಮಾರಾಟದ ಪಟ್ಟಿ, ಮುಂಗಡದ ಲೆಕ್ಕ. ಆ ತಿಂಗಳುಗಳಲ್ಲಿ ನಾನು ಅಧ್ಯಾಯ ಬರೆಯುವುದಿಲ್ಲ, ಟಿಪ್ಪಣಿ ಮಾತ್ರ. ದುಡ್ಡು ಕೈಗೆ ಬರುವ ಮೊದಲು ಒಬ್ಬ ರೈತ ಪಟ್ಟಿಯನ್ನು ಹೇಗೆ ಮಡಚಿ ಮಡಚಿ ಹಿಡಿದುಕೊಂಡಿದ್ದ, ಅಷ್ಟು ಬರೆದಿಟ್ಟರೆ ಸಾಕು. ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿದ ಮೇಲೆ ಮಂಡಿ ಸ್ವಲ್ಪ ತಣ್ಣಗಾಗುತ್ತದೆ. ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಟಿವಿ ಇಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಆಗ ನೋಟ್‌ಬುಕ್ ತುಂಬುತ್ತದೆ.

ನನ್ನ ಕಾದಂಬರಿ ಮುಳುಗಡೆಯ ಕಾಲದ್ದು, ಅಂದರೆ ಅಣೆಕಟ್ಟಿನ ನೀರಿನಲ್ಲಿ ಇಲ್ಲಿನ ಊರುಗಳು ಮುಳುಗಿದ ಕಾಲದ್ದು. ಶರಾವತಿಗೆ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಆಗಿತ್ತು. ಜೋಗದ ವಿದ್ಯುತ್ ಉತ್ಪಾದನೆ 1948ರಲ್ಲಿ ಶುರುವಾದದ್ದು ಅದರ ನೀರಿನಿಂದ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆ ಹಳೇ ಅಣೆಕಟ್ಟೇ ಹೊಸ ನೀರಿನಡಿ ಹೋಯಿತು. ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಈಗಲೂ ಮೇಲೆ ಕಾಣುತ್ತದೆ. ನಮ್ಮ ಅಜ್ಜನ ಗದ್ದೆ, ಮನೆ ಅದೇ ನೀರಿನಲ್ಲಿವೆ. ಮಳೆಗಾಲದಲ್ಲಿ ಪೇಪರಿನವರು ದಿನಾ ಲಿಂಗನಮಕ್ಕಿಯ ಮಟ್ಟ ಹಾಕುತ್ತಾರೆ, ಗರಿಷ್ಠ 1819 ಅಡಿ, ಇಂದು ಇಷ್ಟು ಅಂತ. ಡ್ಯಾಮ್ ತುಂಬಿತು ಅಂದರೆ ಊರಿಗೆಲ್ಲ ಖುಷಿ, ನನಗೂ ಖುಷಿಯೇ. ಆದರೆ ನಮ್ಮಪ್ಪ ಆ ಅಂಕಿ ಓದಿ, "ಈಗ ಕೊಟ್ಟಿಗೆ ಹತ್ರ ಬಂದಿರ್ತದೆ" ಅನ್ನುತ್ತಿದ್ದರು. ಅಡಿಯ ಲೆಕ್ಕವನ್ನು ಮನೆಯ ಲೆಕ್ಕವಾಗಿ ಓದುವ ಜನ ಕಡಿಮೆ ಆಗುತ್ತಿದ್ದಾರೆ. ನಾನು ಬರೆಯೋಕೆ ಕೂತದ್ದು ಅದಕ್ಕೆ. ಮುಳುಗಡೆ ಬಗ್ಗೆ ನನಗಿಂತ ಮೊದಲು ಬರೆದ ಹಿರಿಯರಿದ್ದಾರೆ, ಓದಿದ್ದೇನೆ. ಆದರೆ ಒಂದೊಂದು ಮನೆಯೂ ಬೇರೆ ಬೇರೆ ಥರ ಖಾಲಿಯಾಗಿದೆ, ಅಲ್ವಾ?

ಇನ್ನು ಹೇಗೆ ಕೇಳಬೇಕು ಅನ್ನುವುದು. ನಾನು ಕಲಿತದ್ದರಲ್ಲಿ ಬೆಲೆಬಾಳುವ ವಿಷಯ ಇದೇ. "ಊರು ಬಿಡುವಾಗ ಎಷ್ಟು ದುಃಖ ಆಯ್ತು?" ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಲಾಂಚಿನಲ್ಲಿ ಒಬ್ಬರು ಅಜ್ಜಿ ಪಕ್ಕದಲ್ಲಿ ಕೂತಿದ್ದರು. ಮುಳುಗಡೆ ಆಗುವಾಗ ಅವರಿನ್ನೂ ಲಂಗ ಹಾಕುವ ಹುಡುಗಿ. ನಾನು, "ಅಜ್ಜಿ, ಮನೆ ಬಿಚ್ಚುವಾಗ ಮೊದಲು ಎಂತ ತೆಗೆದ್ರಿ?" ಅಂದೆ.

"ಹಂಚು" ಅಂದರು. ಆಮೇಲೆ ಬೆರಳು ಮಡಚುತ್ತಾ ಹೇಳಿದರು. ಹಂಚು, ಅದರಡಿಯ ರೀಪು, ಪಕಾಸು, ತೊಲೆ. ಬಾಗಿಲು ಚೌಕಟ್ಟು ಸಮೇತ. ದೇವರ ಕೋಣೆ ಬಾಗಿಲು ಎಲ್ಲಕ್ಕಿಂತ ಕೊನೆಗೆ. ಬೀಸುವ ಕಲ್ಲು ಗಾಡಿಗೆ ಹಾಕಿದರು, ನೆಲಕ್ಕೆ ಹುಗಿದಿದ್ದ ಒರಳನ್ನು ಬಿಟ್ಟರು.

"ಹಂಚು ತೆಗೆದ ಮೇಲೂ ಎರಡು ರಾತ್ರಿ ಅಲ್ಲೇ ಮಲಗಿದ್ವಿ ತಮ್ಮಾ. ಮಲಗಿದಲ್ಲಿಂದ ನಕ್ಷತ್ರ ಕಾಣ್ತಿತ್ತು. ನಂಗೆ ಭಾರಿ ಖುಷಿ. ಅಮ್ಮ ಯಾಕೆ ಅಳ್ತಾಳೆ ಅಂತ ಗೊತ್ತಾಗ್ಲಿಲ್ಲ."

ಆ ಖುಷಿಯನ್ನು ನಾನು ಕೂತು ಯೋಚಿಸಿ ಬರೆಯೋಕೆ ಸಾಧ್ಯವೇ ಇರಲಿಲ್ಲ. ಅಲ್ಲಿಂದ ನನ್ನ ಕಾದಂಬರಿಯ ನಾಯಕಿ ಹತ್ತು ವರ್ಷದ ಹುಡುಗಿಯಾದಳು. ಮನೆ ಬಿಚ್ಚುವ ಅಧ್ಯಾಯ ಹಂಚಿನಿಂದ ಶುರುವಾಗಿ ದೇವರ ಕೋಣೆ ಬಾಗಿಲಿಗೆ ಮುಗಿಯುತ್ತದೆ, ಅವರು ಹೇಳಿದ ಕ್ರಮದಲ್ಲೇ. ಅದಾದ ಮೇಲೆ ಯಾರೇ ಸಿಕ್ಕಲಿ, ನಾನು ಕೆಲಸದ ಬಗ್ಗೆ ಕೇಳುತ್ತೇನೆ. ಮೊದಲು ಎಂತ ಮಾಡಿದ್ರಿ, ಆಮೇಲೆ ಎಂತ, ದನ ಯಾರು ಹೊಡ್ಕೊಂಡು ಹೋದ್ರು. ಮನಸ್ಸಿನ ಮಾತು ಅದರ ಹಿಂದೆಯೇ ತಾನಾಗಿ ಬರುತ್ತದೆ.

ತಾರೀಕು ಯಾರಿಗೂ ನೆನಪಿರುವುದಿಲ್ಲ. ಪುನರ್ವಸು ಮಳೆಯೋ ಆಶ್ಲೇಷವೋ ಅನ್ನುವುದು ಸರಿಯಾಗಿ ನೆನಪಿರುತ್ತದೆ. ದೊಡ್ಡ ಮಗ ಅಂಬೆಗಾಲಿಡುತ್ತಿದ್ದ ಅನ್ನುವುದೂ. ನಾನು ಅಟ್ಟದ ಗೋಡೆಗೆ ಹಾಳೆ ಅಂಟಿಸಿ ಮಳೆ ನಕ್ಷತ್ರದ ಪ್ರಕಾರ ಅಧ್ಯಾಯ ಬರೆದಿಟ್ಟುಕೊಂಡಿದ್ದೇನೆ. ಪುನರ್ವಸು ಅಂದರೆ ಜುಲೈ ಮೊದಲ ವಾರದಿಂದ, ಆಶ್ಲೇಷ ಅಂದರೆ ಆಗಸ್ಟ್ ಶುರುವಿನಿಂದ. ಪಾತ್ರ ಗದ್ದೆಯಲ್ಲಿದೆಯೋ ಜಗಲಿಯಲ್ಲಿದೆಯೋ ಅನ್ನುವುದು ಆ ಹಾಳೆ ನೋಡಿದರೆ ಗೊತ್ತಾಗುತ್ತದೆ. ಆಶ್ಲೇಷದಲ್ಲಿ ಯಾರೂ ಅಂಗಳದಲ್ಲಿ ಸುಮ್ನೆ ಕೂತು ಮಾತಾಡುವುದಿಲ್ಲವಲ್ಲ.

ಮಾತುಕತೆ ಬರೆಯೋಕೆ ಹೆಗ್ಗೋಡಿನ ನೀನಾಸಂ ನಾಟಕಗಳು ತುಂಬಾ ಸಹಾಯ ಮಾಡಿವೆ. ನಾಟಕದಲ್ಲಿ ಯಾರೂ ಸುಮ್ಮನೆ ಬಂದು ಮಾತಾಡಿ ಹೋಗುವುದಿಲ್ಲ, ಏನೋ ಬೇಕು ಅಂತಲೇ ಬರುತ್ತಾರೆ. ನಾನೂ ಈಗ ಬರೆದ ಮಾತನ್ನು ಗಟ್ಟಿಯಾಗಿ ಓದುತ್ತೇನೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಂಡಿಯ ಹಮಾಲರಿಗೂ ಓದಿ ಹೇಳುತ್ತೇನೆ. ಗಾಡಿ ಹೇರುವ ಜಾಗ ಬಂದಾಗ ಒಬ್ಬರು, "ಅಷ್ಟು ತೊಲೆ ಒಂದೇ ಗಾಡಿಗೆ ಆಗಲ್ಲ ಸಾರ್, ಎತ್ತು ಸಾಯ್ತವೆ" ಅಂದರು. ಎರಡು ಗಾಡಿ ಮಾಡಿದೆ. ಎರಡನೇ ಗಾಡಿ ಹೊಡೆಯೋಕೆ ಒಬ್ಬ ಬೇಕಾದ. ಅವನೇ ಈಗ ಕಾದಂಬರಿಯ ಮುಖ್ಯ ಪಾತ್ರಗಳಲ್ಲಿ ಒಬ್ಬ. ಮರುದಿನ ಅವರೇ ಬಂದು, "ಆ ಗಾಡಿಯವ ಎಂತ ಆದ?" ಅಂತ ಕೇಳುತ್ತಾರೆ. ಬೆಳಿಗ್ಗೆ ನನ್ನನ್ನು ಎಬ್ಬಿಸುವುದು ಆ ಪ್ರಶ್ನೆ.

ಪ್ರಕಾಶನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಷ್ಟು ಪ್ರತಿ ನೀವೇ ಕೊಳ್ಳಬೇಕು ಅನ್ನುವವರೂ ಇದ್ದಾರೆ. ಬರೆದು ಮುಗಿಯುವ ಮೊದಲು ಆ ಚಿಂತೆ ಬೇಡ ಅಂತ ಬದಿಗಿಟ್ಟಿದ್ದೇನೆ. ಮುಗಿದ ಅಧ್ಯಾಯಗಳನ್ನು ಮಗಳು ಯುನಿಕೋಡಿನಲ್ಲಿ ಟೈಪ್ ಮಾಡಿಕೊಡುತ್ತಿದ್ದಾಳೆ.

ಈಗ ಬರೆಯುತ್ತಿರುವುದು ಆ ಕುಟುಂಬ ಹೊಸ ಜಾಗಕ್ಕೆ ಬಂದು ಇಳಿಯುವ ಭಾಗ. ಮುಳುಗಡೆಯವರ ಹಕ್ಕುಪತ್ರದ ತಕರಾರು ಇವತ್ತಿಗೂ ಪೂರ್ತಿ ಮುಗಿದಿಲ್ಲ, ಹಾಗಾಗಿ ಆ ಭಾಗ ಉದ್ದವಾಗುತ್ತಿದೆ. ಒಂದು ವಿಷಯ ಇನ್ನೂ ಸಿಕ್ಕಿಲ್ಲ. ಗಾಡಿ ಇಳಿಸಿದ ಮೊದಲ ರಾತ್ರಿ ಒಲೆ ಎಲ್ಲಿ ಹೂಡಿದರು, ನೀರು ಎಲ್ಲಿಂದ ತಂದರು? ಶಿವಮೊಗ್ಗದ ಕಡೆಗೆ ಬಂದು ನೆಲೆಸಿದ ಒಂದು ಮನೆಯವರು ಭಾನುವಾರ ಬನ್ನಿ ಅಂದಿದ್ದಾರೆ. ಅವರ ಮನೆಯ ಹಿರಿಯರಿಗೆ ಕಿವಿ ಸ್ವಲ್ಪ ಮಂದವಂತೆ, ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗುತ್ತಿದ್ದೇನೆ.